ಝೋಲರ್ ಎಂ53 ಸಂಪ್ ಪಂಪ್: ಜಲ್ಲಿ ಗುಂಡಿಯ ಪಕ್ಕದ ಮನೆಯಿಂದ

ಬೇಸ್‌ಮೆಂಟಿನ ನೆಲದಲ್ಲಿ ತೋಡಿದ ಗುಂಡಿಗೆ (ಇಲ್ಲಿ ಅದನ್ನೇ ಸಂಪು ಅನ್ನೋದು) ಒಸರಿ ಬರುವ ನೀರನ್ನು ಎತ್ತಿ ಮನೆಯಾಚೆ ಹಾಕುವ ಈ ಪಂಪಿಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಆದರೆ ಅದು ಯಾವ ಜಾಗದಲ್ಲಿ ದುಡೀತಿದೆ ಅಂತ ಮೊದಲು ಹೇಳಬೇಕು. ಮಳೆ ಬಂದಾಗ ಮಾತ್ರ ಒದ್ದೆಯಾಗುವ ಬೇಸ್‌ಮೆಂಟ್ ಇರುವವರ ಲೆಕ್ಕವೇ ಬೇರೆ, ನನ್ನ ಲೆಕ್ಕವೇ ಬೇರೆ.

ನಮ್ಮದು ಕೊಲರಾಡೊ. ಡೆನ್ವರ್‌ನ ಉತ್ತರಕ್ಕೆ, ಬ್ರೈಟನ್ ದಾಟಿ ಫೋರ್ಟ್ ಲಪ್ಟನ್ ಕಡೆ ಹೋಗುವಾಗ ಸಿಗುವ ಸೌತ್ ಪ್ಲ್ಯಾಟ್ ನದಿಯ ಬಯಲು. ಮೇಲೆ ಕೆಲವು ಅಡಿ ಮಣ್ಣು, ಅದರಡಿ ನದಿ ತಂದು ಹಾಕಿದ ಮರಳು-ಜಲ್ಲಿ, ಅದಕ್ಕೂ ಕೆಳಗೆ ನೀರಿಳಿಯದ ಜೇಡಿಬಂಡೆ. ಜಲ್ಲಿ ತೆಗೆದು ಮುಗಿದ ಗುಂಡಿಯನ್ನು ಇಲ್ಲಿ ಸುಮ್ಮನೆ ಬಿಡುವುದಿಲ್ಲ, ನೀರು ಕೂಡಿಡುವ ಕೆರೆ ಮಾಡ್ತಾರೆ. ಅದಕ್ಕೆ ಕಾನೂನಿನ ಕಾರಣವೂ ಇದೆ. 1980ರ ನಂತರ ತೋಡಿದ ಗುಂಡಿಯಲ್ಲಿ ಅಂತರ್ಜಲ ಬಯಲಾಗಿ ಆವಿಯಾದರೆ ಅಷ್ಟು ನೀರನ್ನು ನದಿಗೆ ತುಂಬಿಕೊಡಬೇಕು, ನದಿಯ ಕೆಳಭಾಗದಲ್ಲಿ ನೀರಿನ ಹಕ್ಕು ಇರುವವರಿಗೆ ಸೇರಬೇಕಾದ ನೀರದು. ಹಾಗಾಗಿ ಗುಂಡಿಯ ಸುತ್ತ ಬಂಡೆ ಸಿಗುವ ತನಕ ಕಂದಕ ತೋಡಿ, ಮಣ್ಣಿಗೆ ಬೆಂಟೊನೈಟ್ ಜೇಡಿ ಕಲಸಿ ತುಂಬಿ, ನೆಲದೊಳಗೇ ಒಂದು ಗೋಡೆ ಎಬ್ಬಿಸ್ತಾರೆ. ಆ ಗೋಡೆ ಎಷ್ಟು ಸೋರಬಹುದು ಅನ್ನುವುದಕ್ಕೆ ರಾಜ್ಯದ ಎಂಜಿನಿಯರ್ ಕಚೇರಿ 1999ರಲ್ಲಿ ಮಾನದಂಡ ಹೊರಡಿಸಿದೆ.

ಗೋಡೆ ಒಳಗಿನ ನೀರನ್ನು ಹೊರಗೆ ಬಿಡೋಲ್ಲ, ಹೊರಗಿನದನ್ನು ಒಳಗೆ ಬಿಡೋಲ್ಲ. ಸರಿ, ಆದರೆ ಜಲ್ಲಿಯ ಪದರದಲ್ಲಿ ನದಿಯ ಕಡೆ ತನ್ನ ಪಾಡಿಗೆ ಹರಿಯುತ್ತಿದ್ದ ನೀರು ಎಲ್ಲಿಗೆ ಹೋಗಬೇಕು? ಗೋಡೆಗೆ ತಾಗಿ, ನೀರು ಹರಿದು ಬರುವ ಮೇಲ್ಬದಿಯಲ್ಲಿ ಏರುತ್ತೆ. ಕೆಳಬದಿಯ ಬಾವಿಗಳಲ್ಲಿ ಇಳಿಯುತ್ತೆ. ನಮ್ಮ ಮನೆ ಮೇಲ್ಬದಿಗೆ. ಇನ್ನೊಂದು ವಿಷಯ: ಜಲ್ಲಿ ತೆಗೆಯುವಷ್ಟು ವರ್ಷವೂ ಗುಂಡಿಯ ನೀರನ್ನು ಎತ್ತಿ ಹೊರಗೆ ಚೆಲ್ಲುತ್ತಿರುತ್ತಾರೆ, ಆಗ ಸುತ್ತಲ ನೆಲವೆಲ್ಲ ಒಣಗಿರುತ್ತೆ. ಆ ಕಾಲದಲ್ಲಿ ಬೇಸ್‌ಮೆಂಟ್ ಕಟ್ಟಿದವರಿಗೆ ನಿಜವಾದ ನೀರಿನ ಮಟ್ಟ ಗೊತ್ತಾಗೋದು ಗಣಿಯವರು ಪಂಪು ನಿಲ್ಲಿಸಿದ ಮೇಲೆಯೇ.

ಊರಿಂದ ಅಮ್ಮ ಫೋನಿನಲ್ಲಿ ಕೇಳ್ತಾಳೆ, "ಅಲ್ಲಿ ಮಳೇನೇ ಇಲ್ಲ ಅಂತೀಯ, ಮತ್ತೆ ನೀರೆಲ್ಲಿಂದ ಬತ್ತದೋ?" ಕಾಲುವೆಯಿಂದ, ಅಮ್ಮ. ಈ ಬಯಲಿನ ನೀರಾವರಿ ಕಾಲುವೆಗಳು ಬಹುಪಾಲು ಮಣ್ಣಿನವೇ, ಬೇಸಿಗೆಯಿಡೀ ಜಿನುಗುತ್ತವೆ. ಹೊಲಕ್ಕೆ ಬಿಟ್ಟ ನೀರೂ ಇಳಿದು ಜಲ್ಲಿಯ ಪದರದ ನೀರಿಗೇ ಸೇರುತ್ತೆ. ಒಂದು ಮೋಡವೂ ಇಲ್ಲದ ಜುಲೈ ಮಧ್ಯಾಹ್ನ ನನ್ನ ಪಂಪು ಮತ್ತೆ ಮತ್ತೆ ಚಾಲೂ ಆಗುತ್ತಲೇ ಇರುತ್ತೆ.

ಈಗ ಪಂಪಿನ ಕಥೆ. ಎರಕದ ಕಬ್ಬಿಣದ ಮೈ, ಹಸಿರು ಬಣ್ಣ, 0.3 ಹಾರ್ಸ್‌ಪವರ್. ಕಂಪನಿ ಕೊಡುವ ಲೆಕ್ಕದಂತೆ 5 ಅಡಿ ಎತ್ತರಕ್ಕೆ ನಿಮಿಷಕ್ಕೆ 43 ಗ್ಯಾಲನ್, 10 ಅಡಿಗೆ 34, 15 ಅಡಿಗೆ 19. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನೋಡಿ ಹಿಗ್ಗಬೇಡಿ. ಸಂಪಿನ ತಳದಿಂದ ಪೈಪು ಮನೆಯ ಗೋಡೆ ದಾಟುವ ಜಾಗದವರೆಗೆ ಟೇಪು ಹಿಡಿಯಿರಿ, ಆಳದ ಬೇಸ್‌ಮೆಂಟ್ ಆದರೆ 9-10 ಅಡಿ ಬರುತ್ತೆ. ಅಂದರೆ ನಿಮಗೆ ಸಿಗೋದು 34ರ ಆಸುಪಾಸು, ಸುಮಾರು 130 ಲೀಟರ್. ನನಗೆ ಅಷ್ಟು ಸಾಕು. ಅರ್ಧ ಇಂಚಿನವರೆಗಿನ ಕಸವನ್ನೂ ನುಂಗಿ ಆಚೆ ದಬ್ಬುತ್ತೆ; ಜಲ್ಲಿ ನೆಲದಲ್ಲಿ ಇದಕ್ಕೆ ಬೆಲೆಯಿದೆ. ಸದ್ದು ಕಡಿಮೆ. ಪಕ್ಕದ ಮನೆಯವರ ಪ್ಲಾಸ್ಟಿಕ್ ಪಂಪು ಶುರುವಾದರೆ ನಮ್ಮ ಅಡುಗೆಮನೆಗೆ ಕೇಳುತ್ತೆ, ಇದು ನಮ್ಮ ಮೆಟ್ಟಿಲ ತನಕವೂ ಕೇಳೋಲ್ಲ.

ಅರ್ಧ ಅಂಕ ಕಡಿದಿದ್ದು ಫ್ಲೋಟ್ ಸ್ವಿಚ್ಚಿಗೆ, ಅಂದರೆ ನೀರಿನ ಜೊತೆ ತೇಲಿ ಏರಿಳಿಯುವ ಸ್ವಿಚ್ಚಿಗೆ. ನೀರು 7 ಇಂಚಿನ ಸುಮಾರಿಗೆ ಬಂದಾಗ ಚಾಲೂ, 3 ಇಂಚಿಗೆ ಇಳಿದಾಗ ಬಂದ್. 18 ಇಂಚು ಅಗಲದ ಸಂಪಿನಲ್ಲಿ ಇದು ಸುಮಾರು 17 ಲೀಟರ್. ಕೆಲವೇ ಸೆಕೆಂಡಿನ ಕೆಲಸ. ಮಳೆಗಾದರೆ ಅಡ್ಡಿಯಿಲ್ಲ, ತಿಂಗಳುಗಟ್ಟಲೆ ಬರುವ ಒರತೆಗೆ ಅದು ಹೊತ್ತಿಕೊಂಡು ಆರಿ, ಹೊತ್ತಿಕೊಂಡು ಆರಿ, ಸ್ವಿಚ್ಚು ಸವೆಯುತ್ತೆ. ಪಂಪು ಬದಲಿಸೋದಕ್ಕಿಂತ ಸಂಪನ್ನು ಅಗಲ ಮಾಡಿಸೋದು ಮೇಲು. ಹಾಕುವವನು ಚೆಕ್ ವಾಲ್ವಿನ (ಎತ್ತಿದ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ಕೆಳಗೆ ಪೈಪಿಗೆ ಸಣ್ಣ ತೂತು ಕೊರೆದನೋ ಇಲ್ಲವೋ ನಿಂತು ನೋಡಿ, ಕೈಪಿಡಿಯಲ್ಲೇ 3/16 ಇಂಚು ಅಂತ ಬರೆದಿದೆ. ಅದಿಲ್ಲದೆ ಗಾಳಿ ಕಟ್ಟಿಕೊಂಡರೆ ಮೋಟಾರು ಗುಂಯ್ ಅನ್ನುತ್ತೆ, ನೀರು ಮಾತ್ರ ಮೇಲೇರೋಲ್ಲ. ಕರೆಂಟು ಹೋದಾಗಿನ ಬ್ಯಾಟರಿ ಪಂಪು ಬೇರೆ ಖರ್ಚು. ನಮ್ಮಂಥ ಜಾಗದಲ್ಲಿ ಅದನ್ನು ಬಿಟ್ಟು ಬೆಲೆ ಹೇಳುವುದೇ ತಪ್ಪು.

ಇನ್ಶೂರೆನ್ಸಿನವರನ್ನು ನಂಬಿ ಕೂರಬೇಡಿ. ಸಾಮಾನ್ಯ ಮನೆ ಪಾಲಿಸಿಯಲ್ಲಿ ನೆಲದಡಿಯಿಂದ ಒಸರುವ ನೀರು ಸೇರಿರೋಲ್ಲ. ಸರ್ಕಾರಿ ಪ್ರವಾಹ ವಿಮೆಯೂ ಸುತ್ತಮುತ್ತ ನಿಜವಾದ ಪ್ರವಾಹ ಇಲ್ಲದಿದ್ದರೆ ಒಸರಿಗೆ ಕೊಡೋದಿಲ್ಲ. ಸಂಪು ಉಕ್ಕಿದರೆ ಕೊಡುವ ಹೆಚ್ಚುವರಿ ಷರತ್ತು ಒಂದಿದೆ, ಕೇಳಿ ಬರೆಸಿಕೊಳ್ಳಿ.

ಎಂಥ ಪಂಪಾದರೂ ನಿಮ್ಮ ಅಡಿಪಾಯದ ಸುತ್ತಿನ ನೀರನ್ನಷ್ಟೇ ಎತ್ತುತ್ತೆ. ಗಣಿ ಗುಂಡಿಯ ಗೋಡೆಗೆ ತಾಗಿ ನಿಂತ ನೀರಿಗೆ ಮದ್ದು ಗೋಡೆಯ ಪಕ್ಕದಲ್ಲೇ ಆಗಬೇಕು: ಮೇಲ್ಬದಿಯಲ್ಲಿ ತೂತಿನ ಪೈಪು ಹೂತು, ನೀರನ್ನು ಗೋಡೆ ಬಳಸಿ ಕೆಳಬದಿಗೆ ಸಾಗಿಸುವ ಚರಂಡಿ. ಅದು ಗಣಿಯವರ ಖರ್ಚು, ನಮ್ಮದಲ್ಲ. ಅವರ ಪರ್ಮಿಟ್ಟು ರಾಜ್ಯದ ಗಣಿ ಪುನಶ್ಚೇತನ ವಿಭಾಗದ ಕೈಯಲ್ಲಿದೆ, ಸುತ್ತಲಿನ ಜಲಸ್ಥಿತಿ ಆದಷ್ಟೂ ಕೆಡದಂತೆ ನೋಡಿಕೊಳ್ಳಬೇಕು ಅನ್ನುವುದು ಅದರ ನಿಯಮ. ಅಲ್ಲಿಗೆ ಬರೀ ಗೋಳು ಹೊತ್ತು ಹೋದರೆ "ನೀರಾವರಿ ಕಾಲ ಕಣ್ರೀ" ಅಂದು ಕಳಿಸಬಹುದು. ಹಿತ್ತಲಿನ ಹಳೇ ಬಾವಿಗೆ ಟೇಪು ಇಳಿಸಿ ತಾರೀಖಿನ ಜೊತೆ ಬರೆದಿಟ್ಟ ಮಟ್ಟ ಕೈಯಲ್ಲಿದ್ದರೆ ಹಾಗನ್ನೋದು ಕಷ್ಟ. ಗೋಡೆ ಮುಗಿಯುವ ಮೊದಲಿನ ಅಂಕಿಗಳೂ ಇದ್ದರೆ ಇನ್ನೂ ಒಳ್ಳೇದು. ಹೊಸ ಗಣಿಗೆ ಅರ್ಜಿ ಬಿದ್ದಿದೆ ಅಂತ ಕೇಳಿದ ದಿನವೇ ಅಳೆಯೋಕೆ ಶುರು ಮಾಡಿ.

ಈ ಕಡೆ ಮನೆ ನೋಡೋಕೆ ಬರುವ ನಮ್ಮವರು ಕೇಳ್ತಿರ್ತಾರೆ, ಹಾಗಾಗಿ ಇದೊಂದು. ಜನವರಿಯಲ್ಲಿ ಸಂಪು ಒಣಗಿದ್ದರೆ ಅದರಿಂದ ಏನೂ ತಿಳಿಯೋಲ್ಲ. ಜುಲೈ ಕೊನೆಗೋ ಆಗಸ್ಟಿನಲ್ಲೋ, ಕಾಲುವೆ ತುಂಬಿ ಹರಿಯುವಾಗ ಬಂದು ಮುಚ್ಚಳ ತೆಗೆಸಿ ನೋಡಿ. ಒಳಗೆ ಹೊಸ ಎಂ53 ಕೂತಿದ್ದರೆ ಹಳೆಯದು ಎಷ್ಟು ವರ್ಷ ಬಾಳಿತು ಅಂತ ಮಾರುವವರನ್ನೇ ಕೇಳಿ.