ಬೀಗ ಹಾಕಿದ ಮನೆಗೆ ವಿಮೆ: ಕಟ್ಟಡಕ್ಕೆ ಧಾರಾಳ, ಕಳ್ಳತನಕ್ಕೆ ಜಿಪುಣ

ಮೈಸೂರಿನ ಕುವೆಂಪುನಗರದಲ್ಲಿ ವರ್ಷದ ಬಹುಪಾಲು ಬೀಗ ಬಿದ್ದಿರುವ ಮನೆಗೆ ತೆಗೆದುಕೊಂಡ ಐದು ವರ್ಷದ ‘ಭಾರತ್ ಗೃಹ ರಕ್ಷಾ’ ಪಾಲಿಸಿ, ಅದರ ಮೇಲೆ ಕಳ್ಳತನದ ಆಡ್-ಆನ್, ಅಂದರೆ ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ. ಈ ವಿಮರ್ಶೆ ಅವೆರಡರದ್ದು. ಕಂಪನಿ ಯಾವುದೆಂದು ಕೇಳಬೇಡಿ, ಅದರಿಂದ ಹೆಚ್ಚು ಉಪಯೋಗವಿಲ್ಲ. 2021ರ ಏಪ್ರಿಲ್ 1ರಿಂದ ಈ ಪಾಲಿಸಿಯ ಮೂಲ ಷರತ್ತುಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನಿಗದಿ ಮಾಡಿದೆ, ಯಾವ ಕಂಪನಿಗೆ ಹೋದರೂ ಅವೇ. ಬೇರೆಬೇರೆ ಇರುವುದು ಪ್ರೀಮಿಯಂ, ಸರ್ವಿಸ್ ಮತ್ತು ಆಡ್-ಆನ್. ತಲೆನೋವೆಲ್ಲ ಈ ಕೊನೆಯದರದ್ದೇ.

ಖಾಲಿ ಮನೆಯವರಿಗೆ ಮೊದಲ ಭಯ ಕಳ್ಳರದ್ದು. ಮೂಲ ಪಾಲಿಸಿಯಲ್ಲಿ ಬರೀ ಕಳ್ಳತನಕ್ಕೆ ಪರಿಹಾರವಿಲ್ಲ. ಬೆಂಕಿ, ಪ್ರವಾಹ, ಗಲಭೆಯಂಥದ್ದು ನಡೆದು, ಅದರ ಕಾರಣದಿಂದಲೇ 7 ದಿನದೊಳಗೆ ಸಾಮಾನು ಕಳವಾದರೆ ಮಾತ್ರ ಉಂಟು. ಹಾಗಾಗಿ ಏಜೆಂಟ್ ಆಡ್-ಆನ್ ಸೇರಿಸುತ್ತಾರೆ, ನಾವೂ ತಲೆ ಆಡಿಸುತ್ತೇವೆ. ಆಡ್-ಆನ್ ಷರತ್ತುಗಳ ಪುಟ ತೆಗೆದು ‘ಅನ್‌ಆಕ್ಯುಪೈಡ್’ ಎಂಬ ಪದ ಹುಡುಕಿ. ಮನೆ ಸತತವಾಗಿ ಇಷ್ಟು ದಿನ ಖಾಲಿ ಬಿದ್ದರೆ ಕಳ್ಳತನದ ರಕ್ಷಣೆ ಇಲ್ಲ ಎಂಬ ಸಾಲು ಬಹಳಷ್ಟು ಪಾಲಿಸಿಗಳಲ್ಲಿ ಇರುತ್ತದೆ. ಸಾಮಾನ್ಯವಾಗಿ ಕಾಣುವುದು 30 ದಿನ, ಕೆಲವರದ್ದು ಇನ್ನೂ ಸ್ವಲ್ಪ ಸಡಿಲ. ಬೀಗ ಹಾಕಿದ ಮನೆಗೆಂದೇ ಕೊಂಡ ರಕ್ಷಣೆ ಬೀಗ ಹಾಕಿದ್ದಕ್ಕೇ ರದ್ದಾದರೆ ಸಿಟ್ಟು ಬಾರದೆ ಇರುತ್ತದೆಯೇ?

ಅರ್ಜಿ ತುಂಬುವಾಗಲೇ ಎಡವಟ್ಟು ಶುರು. ಮನೆಯಲ್ಲಿ ಮಾಲೀಕರೇ ಇದ್ದಾರೋ, ಬಾಡಿಗೆಗೆ ಕೊಟ್ಟಿದೆಯೋ, ಖಾಲಿ ಇದೆಯೋ ಎಂಬ ಪ್ರಶ್ನೆಗೆ ಏಜೆಂಟರು ಅಭ್ಯಾಸಬಲದಿಂದ ‘ಸ್ವಂತ ವಾಸ’ ಎಂದು ಟಿಕ್ ಮಾಡಿಬಿಡುತ್ತಾರೆ. ಕ್ಲೇಮ್ ಬಂದಾಗ ನಷ್ಟ ಅಳೆಯಲು ಬರುವ ಸರ್ವೇಯರ್ ಮೊದಲು ಕೇಳುವ ಕಾಗದಗಳಲ್ಲಿ ಸೆಸ್ಕ್‌ನ ಕರೆಂಟ್ ಬಿಲ್ ಇದ್ದೇ ಇರುತ್ತದೆ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬಂದರೂ ಎಷ್ಟು ಯೂನಿಟ್ ಉರಿದಿದೆ ಎಂಬುದು ಅದರಲ್ಲೇ ಅಚ್ಚಾಗಿರುತ್ತದೆ. ನಾಲ್ಕು ತಿಂಗಳು ಯೂನಿಟ್ ಏಳದ ಮೀಟರ್ ಒಂದು ಕಡೆ, ‘ಸ್ವಂತ ವಾಸ’ ಎಂಬ ಟಿಕ್ ಇನ್ನೊಂದು ಕಡೆ. ಸತ್ಯ ಮುಚ್ಚಿಟ್ಟಿದ್ದೀರಿ ಎಂದು ಕಡತ ಮುಚ್ಚಲು ಕಂಪನಿಗೆ ಇಷ್ಟು ಸಾಕು.

ಇದಕ್ಕೆ ಮದ್ದು ಎಂಡಾರ್ಸ್‌ಮೆಂಟ್, ಅಂದರೆ ಕಂಪನಿ ಲಿಖಿತವಾಗಿ ಪಾಲಿಸಿಗೆ ಸೇರಿಸುವ ತಿದ್ದುಪಡಿ. ಪಾಲಿಸಿ ಕೊಟ್ಟ ಶಾಖೆಗೆ ಇಮೇಲ್ ಬರೆಯಿರಿ: ಪಾಲಿಸಿ ನಂಬರ್, ಮನೆ ಯಾವ ದಿನಾಂಕದಿಂದ ಖಾಲಿ, ಸುಮಾರು ಎಲ್ಲಿಯವರೆಗೆ, ಎಷ್ಟು ದಿನಕ್ಕೊಮ್ಮೆ ಯಾರು ಬಂದು ನೋಡುತ್ತಾರೆ, ಗ್ರಿಲ್, ಬೀಗ, ಕ್ಯಾಮೆರಾ ಏನೇನಿದೆ. ಕೊನೆಗೆ ಎರಡು ಪ್ರಶ್ನೆ ನೇರವಾಗಿ ಕೇಳಿ. ಖಾಲಿ ಇರುವ ಅವಧಿಗೂ ಕಳ್ಳತನದ ರಕ್ಷಣೆ ಮುಂದುವರಿಯುತ್ತದೆಯೇ? ‘ವಾಸ’ ಎಂದು ನೀವು ಯಾವುದನ್ನು ಒಪ್ಪುತ್ತೀರಿ, ರಾತ್ರಿ ಉಳಿಯುವುದನ್ನೋ, ಬಂದು ಕಸ ಗುಡಿಸಿ ಹೋಗುವುದನ್ನೋ? ಪಕ್ಕದ ಮನೆಯವರು ದಿನಾ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟ ಮಾತ್ರಕ್ಕೆ ಮನೆ ‘ವಾಸ’ ಆಗುವುದಿಲ್ಲ ಎಂಬ ವಾದ ಬಂದೇ ಬರುತ್ತದೆ. ಕಾಲ್ ಸೆಂಟರಿನ ‘ಓಕೆ ಸರ್, ನೋಟ್ ಮಾಡಿಕೊಂಡಿದ್ದೇವೆ’ಗೆ ಮೂರು ಕಾಸಿನ ಬೆಲೆಯಿಲ್ಲ. ತಿದ್ದಿದ ಶೆಡ್ಯೂಲ್ (ಪಾಲಿಸಿಯ ವಿವರಗಳ ಪುಟ) ಪಿಡಿಎಫ್ ಆಗಿ ಕೈಗೆ ಬರುವವರೆಗೂ ಬೆನ್ನು ಬಿಡಬೇಡಿ. ಈ ಒಂದು ಪಿಡಿಎಫ್‌ಗೆ ಸರ್ವಿಸ್ ವಿಭಾಗ ಎಷ್ಟು ಸತಾಯಿಸುತ್ತದೆ ಎಂದರೆ, ಒಂದು ಸ್ಟಾರ್ ಇಲ್ಲೇ ಕಡಿತ.

ಎಂಡಾರ್ಸ್‌ಮೆಂಟ್ ಸಿಕ್ಕರೂ ಬಾಗಿಲು, ಕಿಟಕಿ, ಹೆಂಚು ಏನಾದರೂ ಒಡೆದು ನುಗ್ಗಿದ ಗುರುತು ಇರಬೇಕು. ಹೂಕುಂಡದ ಕೆಳಗಿಟ್ಟ ಕೀಲಿಯಿಂದ ತೆಗೆದರೆ, ಕೆಲಸದವರ ಕೈವಾಡವಿದ್ದರೆ ಕ್ಲೇಮ್ ನಿಲ್ಲುವುದು ಕಷ್ಟ. ಒಡವೆ, ನಗದು ಖಾಲಿ ಮನೆಯಲ್ಲಿ ಇಡಲೇಬೇಡಿ, ಬ್ಯಾಂಕ್ ಲಾಕರ್ ಇರುವುದು ಅದಕ್ಕೇ. ಆಗ ಕಳ್ಳತನದ ಮೊತ್ತವನ್ನೂ ಇಳಿಸಬಹುದು, ಪ್ರೀಮಿಯಂ ಉಳಿಯುತ್ತದೆ.

ಇಷ್ಟು ಬೈದ ಮೇಲೆ ಕಟ್ಟಡದ ಭಾಗವನ್ನು ಹೊಗಳಲೇಬೇಕು, ಅದು ನಿಜಕ್ಕೂ ಚೆನ್ನಾಗಿದೆ. ವಿಮಾ ಮೊತ್ತದ ಲೆಕ್ಕ ಸುಲಭ: ಕಾರ್ಪೆಟ್ ಏರಿಯಾವನ್ನು (ಗೋಡೆಗಳ ಒಳಗಿನ ನೆಲದ ಅಳತೆ) ಈಗಿನ ನಿರ್ಮಾಣ ದರದಿಂದ ಗುಣಿಸಿ. 1,200 ಚದರ ಅಡಿ, ಅಡಿಗೆ 2,000 ರೂಪಾಯಿ ಹಿಡಿದರೆ 24 ಲಕ್ಷ. ಸೈಟಿನ ಬೆಲೆ ಸೇರಿಸಬೇಡಿ. ಕುವೆಂಪುನಗರದ ಸೈಟಿಗೆ ಕೋಟಿ ಇರಲಿ, ಬೆಂಕಿ ಬಿದ್ದರೆ ನೆಲ ಸುಡುವುದಿಲ್ಲ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ 20%, ಗರಿಷ್ಠ 10 ಲಕ್ಷ, ಪಟ್ಟಿ ಕೊಡದೆಯೇ ಸಿಗುತ್ತದೆ. 24 ಲಕ್ಷಕ್ಕೆ 4.8 ಲಕ್ಷ. ಹಳೆ ಮಂಚ, ಬೀರು, ಪಾತ್ರೆ ಉಳಿದ ಮನೆಗೆ ಅದು ಬೇಕಾದಷ್ಟಾಯಿತು. ಅಂಡರ್‌ಇನ್ಶೂರೆನ್ಸ್, ಅಂದರೆ ಇರುವ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂಬ ನೆಪದಲ್ಲಿ ಪರಿಹಾರ ಕತ್ತರಿಸುವ ಹಳೆ ಪದ್ಧತಿಯೂ ಇದರಲ್ಲಿಲ್ಲ.

ನಿರೀಕ್ಷಿಸದೆ ಸಿಕ್ಕ ಖುಷಿ ಎಂದರೆ ದೀರ್ಘಾವಧಿ ಪಾಲಿಸಿಯಲ್ಲಿ ಪ್ರತಿ ವಾರ್ಷಿಕೋತ್ಸವಕ್ಕೆ ವಿಮಾ ಮೊತ್ತ ತಾನಾಗಿಯೇ ಮೊದಲ ಮೊತ್ತದ 10%ರಷ್ಟು ಏರುವುದು, ಅದೂ ಹೆಚ್ಚುವರಿ ಪ್ರೀಮಿಯಂ ಇಲ್ಲದೆ. 24 ಲಕ್ಷದ್ದು ಐದನೇ ವರ್ಷಕ್ಕೆ 33.6 ಲಕ್ಷ. ಸಿಮೆಂಟು, ಕಬ್ಬಿಣ, ಗಾರೆ ಕೆಲಸದವರ ಕೂಲಿ ಏರುವ ವೇಗ ನೋಡಿದರೆ ವರ್ಷವರ್ಷ ನವೀಕರಿಸುವುದಕ್ಕಿಂತ ಇದೇ ವಾಸಿ. ನವೀಕರಣ ಮರೆಯುವ ಭಯವೂ ಇಲ್ಲ. ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಉಂಟು, ಬಜೆಟ್ ಮಾಡುವಾಗ ಸೇರಿಸಿಕೊಳ್ಳಿ. ಖಾಲಿ ಮನೆಗೆ ಪ್ರಯೋಜನವಿಲ್ಲದ ಸಂಗತಿಗಳೂ ಇದರಲ್ಲಿವೆ: ಬಾಡಿಗೆ ನಷ್ಟದ ಪರಿಹಾರ ಬಾಡಿಗೆಗೆ ಕೊಟ್ಟವರಿಗೆ, ದಂಪತಿಯ ಅಪಘಾತ ವಿಮೆ ಅಲ್ಲಿ ವಾಸ ಮಾಡುವವರಿಗೆ. ಎರಡನೆಯದು ಐಚ್ಛಿಕ, ಬೇಡ ಎನ್ನಿ.

ಖಾಲಿ ಮನೆಯ ಅಸಲಿ ಶತ್ರು ನೀರು. ಟ್ಯಾಂಕ್ ಒಡೆದು, ಪೈಪ್ ಸಿಡಿದು ಹಾನಿಯಾದರೆ ಪಾಲಿಸಿ ಕೊಡುತ್ತದೆ. ನಿಧಾನಕ್ಕೆ ಒಸರಿ ಗೋಡೆ ಬೂಷ್ಟು ಹಿಡಿದರೆ, ಗೆದ್ದಲು ಚೌಕಟ್ಟು ತಿಂದರೆ ಇಲ್ಲ. ಅವೆಲ್ಲ ನಿರ್ವಹಣೆಯ ಲೆಕ್ಕ. ತಾರಸಿಯ ನೀರು ಹೋಗುವ ತೂತಿಗೆ ಹೊಂಗೆ ಎಲೆ ಕಟ್ಟಿಕೊಂಡು, ಏಪ್ರಿಲ್‌–ಮೇ ತಿಂಗಳ ಗಾಳಿಮಳೆಗೆ ನೀರು ನಿಂತು, ಆರ್‌ಸಿಸಿ ಕುಡಿದು, ಹಾಲಿನ ಫ್ಯಾನ್ ಹುಕ್ ಹತ್ತಿರ ಹನಿ ಕಾಣಿಸುವ ಹೊತ್ತಿಗೆ ಸರ್ವೇಯರ್ ‘ಸೀಪೇಜ್’ ಎಂದು ಬರೆದು ಮುಗಿಸುತ್ತಾರೆ.

ಆದ್ದರಿಂದ ಬೀಗ ಹಾಕುವ ದಿನದ ಶಾಸ್ತ್ರ ಹೀಗಿರಲಿ. ಮೊದಲು ಸಂಪಿಗೆ ಬರುವ ನೀರಿನ ಗೇಟ್ ವಾಲ್ವ್ ಬಂದ್. ಇಲ್ಲದಿದ್ದರೆ ಬಾಲ್‌ಕಾಕ್ ಕೈಕೊಟ್ಟ ದಿನ ಸಂಪು ತುಂಬಿ ಅಡಿಪಾಯಕ್ಕೆ ಇಳಿಯುತ್ತದೆ. ಓವರ್‌ಹೆಡ್ ಟ್ಯಾಂಕ್ ಖಾಲಿ ಮಾಡಿ, ಕೆಳಗಿನ ನಲ್ಲಿ ಒಂದನ್ನು ತೆರೆದು ಪೈಪಿನಲ್ಲಿ ಉಳಿದದ್ದನ್ನೂ ಇಳಿಸಿ. ಬಚ್ಚಲಿನ ಜಾಲರಿಗೆ ಒಂದು ಚೊಂಬು ನೀರು ಸುರಿದು ಮುಚ್ಚಿ, ಜಿರಲೆ ಬರುವುದು ಅಲ್ಲಿಂದಲೇ. ಸಿಲಿಂಡರ್‌ನ ರೆಗ್ಯುಲೇಟರ್ ಬಿಚ್ಚಿ. ಫ್ರಿಜ್ ಒರೆಸಿ, ಬಾಗಿಲ ಸಂದಿಗೆ ಮಡಚಿದ ಬಟ್ಟೆ ಕೊಟ್ಟು ತೆರೆದೇ ಬಿಡಿ. ಕ್ಯಾಮೆರಾ, ರೂಟರ್‌ಗೆ ಒಂದು ಎಂಸಿಬಿ ಮಾತ್ರ ಉಳಿಸಿ ಮಿಕ್ಕಿದ್ದೆಲ್ಲ ಆಫ್. ಶಾರ್ಟ್ ಸರ್ಕ್ಯೂಟ್‌ನಿಂದ ಸುಟ್ಟ ಯುಪಿಎಸ್‌ಗೆ ದುಡ್ಡು ಬರುವುದಿಲ್ಲ, ಅದರಿಂದ ಹಬ್ಬಿದ ಬೆಂಕಿಯ ಹಾನಿಗಷ್ಟೇ.

ಆಮೇಲೆ ತಿಂಗಳಿಗೊಮ್ಮೆ ಯಾರಾದರೂ ಹೋಗಿ ತಾರಸಿಯ ತೂತು, ಮೀಟರ್ ರೀಡಿಂಗ್, ಹಿಂಬಾಗಿಲಿನ ಬೀಗ ಇವುಗಳ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಲಿ. ದಿನಾಂಕ ಸಮೇತ ಉಳಿಯುವ ಈ ಫೋಟೊಗಳು ಸರ್ವೇಯರ್ ಮುಂದೆ ಬಹಳ ಉಪಯೋಗಕ್ಕೆ ಬರುತ್ತವೆ. ಮನೆ ಖಾಲಿ ಇದೆ ಎಂದು ಪೊಲೀಸ್ ಠಾಣೆಗೂ ಬರೆದು ಕೊಟ್ಟು, ಸ್ವೀಕೃತಿಯ ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಮಾಲೀಕರು ವಿದೇಶದಲ್ಲಿದ್ದರೆ ಕ್ಲೇಮ್ ನೋಡಿಕೊಳ್ಳುವವರ ಹೆಸರಿಗೆ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಮೊದಲೇ ಮಾಡಿಸಿ. ಕಳ್ಳತನವಾದರೆ ಎಫ್‌ಐಆರ್ ಆಗಲೇಬೇಕು, ಸರ್ವೇಯರ್ ಬರುವವರೆಗೆ ಒಡೆದ ಚಿಲಕವನ್ನೂ ಬದಲಿಸಬೇಡಿ, ಹೊರಗಿನಿಂದ ಬೇರೆ ಬೀಗ ಹಾಕಿ ಸಾಕು. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದರೂ ಸಮಾಧಾನವಿಲ್ಲದಿದ್ದರೆ, ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ತೀರ್ಪು: ಕಟ್ಟಡಕ್ಕೆ ಐದಕ್ಕೆ ನಾಲ್ಕೂವರೆ, ಕಳ್ಳತನದ ಆಡ್-ಆನ್‌ಗೆ ಎಂಡಾರ್ಸ್‌ಮೆಂಟ್ ಇದ್ದರೆ ಮೂರು, ಇಲ್ಲದಿದ್ದರೆ ಒಂದೂ ಇಲ್ಲ. ಮಂಡ್ಯ ಕಡೆಯ ಹಳ್ಳಿ ಮನೆಯವರಿಗೆ ಇನ್ನೊಂದು ಮಾತು. ಬೀಗ ಹಾಕಿದ ಮನೆಯ ಪಡಸಾಲೆಯಲ್ಲಿ ಹುಲ್ಲು ಒಟ್ಟುವುದು, ಭತ್ತದ ಮೂಟೆ, ಪಂಪ್‌ಸೆಟ್, ಡೀಸೆಲ್ ಕ್ಯಾನ್ ತುಂಬುವುದು ಸಾಮಾನ್ಯ. ಇದು ವಾಸದ ಮನೆಯ ಪಾಲಿಸಿ. ಗೋಡೌನ್ ಮಾಡಿಕೊಂಡಿದ್ದರೆ ಬಳಕೆ ಬದಲಾಗಿದೆ ಎಂದು ಕಂಪನಿಗೆ ಮೊದಲೇ ಬರೆದು ತಿಳಿಸಿ, ಇಲ್ಲವೇ ಮೂಟೆಗಳನ್ನು ಕಣದ ಶೆಡ್ಡಿಗೆ ಸಾಗಿಸಿ.