ಲೇಸಿಕ್ಕೋ ಪಿಆರ್‌ಕೆಯೋ: ಗಾಯ ಮಾಯುವ ಬಗೆ, ಕಣ್ಣೀರಿನ ಸುಳಿವು

ಕೋಲಾರದ ಟೊಮೆಟೊ ಮಂಡಿಯ ದೂಳಿನಲ್ಲಿ ಕ್ರೇಟು ಹೊರುವ ಯುವಕರು ಕನ್ನಡಕ ಬಿಡಲು ಬಯಸಿದರೆ, ದೃಷ್ಟಿ ತಿದ್ದುವ ಲೇಸರ್ ಶಸ್ತ್ರಚಿಕಿತ್ಸೆಯ ಎರಡು ಬಗೆಗಳಾದ ಲೇಸಿಕ್, ಪಿಆರ್‌ಕೆಗಳಲ್ಲಿ ಪಿಆರ್‌ಕೆಯನ್ನೇ ಮೊದಲು ವಿಚಾರಿಸುವುದು ಒಳಿತೆಂದು ನನ್ನ ಅಭಿಪ್ರಾಯ. ಲೇಸಿಕ್‌ನಲ್ಲಿ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ) ತೆಳುಪದರವನ್ನು ಕೊಯ್ದು ಎತ್ತಿ, ಲೇಸರ್ ಹಾಯಿಸಿ ಮತ್ತೆ ಮುಚ್ಚುವುದರಿಂದ ಮರುದಿನವೇ ದೃಷ್ಟಿ ಬಹುಮಟ್ಟಿಗೆ ತಿಳಿಯಾಗುತ್ತದೆ. ಆದರೆ ಆ ಪದರ ಹಿಂದಿನ ಬಲದಲ್ಲಿ ಕೂಡಿಕೊಳ್ಳದು, ಪೆಟ್ಟು ಬಿದ್ದರೆ ಸರಿಯಲೂಬಹುದು, ನರಗಳು ತುಂಡಾಗುವುದರಿಂದ ಕಣ್ಣು ತಿಂಗಳುಗಟ್ಟಲೆ ಒಣಗಬಹುದು. ಪಿಆರ್‌ಕೆಯಲ್ಲಿ ಮೇಲ್ಪೊರೆಯನ್ನೇ ತೆಗೆಯುವುದರಿಂದ, ಅದು ಮತ್ತೆ ಬೆಳೆಯುವ 3ರಿಂದ 5 ದಿನ ಉರಿ, ನೋವು ಸಹಿಸಬೇಕು. ಆಗ ಕಣ್ಣೀರಿನಲ್ಲಿ ಏರುವ ಟಿಜಿಎಫ್-ಬೀಟಾ ಎಂಬ ಪ್ರೋಟೀನು ಗಾಯ ಮಾಯಲು ನೆರವಾದರೂ, ಮಿತಿಮೀರಿದರೆ ಕಾರ್ನಿಯಾ ಮಸುಕಾಗುತ್ತದೆ. ಬಿಸಿಲು ಈ ಮಸುಕನ್ನು ಹೆಚ್ಚಿಸಬಹುದಾದ್ದರಿಂದ ಬಿಸಿಲಿಗೆ ತಂಪು ಕನ್ನಡಕ ತಪ್ಪಿಸಬಾರದು. ಯಾವುದನ್ನು ಆರಿಸಿದರೂ ಮೊದಲು ಕಣ್ಣೀರಿನ ಪರೀಕ್ಷೆ ಕೇಳಿ: ಉರಿಯೂತದ ಗುರುತಾದ ಎಂಎಂಪಿ-9 ಎಂಬ ಕಿಣ್ವ ಹೆಚ್ಚಿದ್ದರೆ ಅದಕ್ಕೆ ಚಿಕಿತ್ಸೆಯಾದ ಮೇಲೆಯೇ ಲೇಸರ್.