ಮೂದಲಿಕೆಯ ಗಾಯಕ್ಕೆ ಮೂರು ಥೆರಪಿ: ಯಾವುದು ಎಲ್ಲಿ ನಾಟುತ್ತದೆ?

ದಿನಾ ಬೈಸಿಕೊಂಡು ಬೆಳೆದವರಿಗೆ ಬೈದವರು ಎದುರಿಗೆ ಇರಬೇಕಿಲ್ಲ. ಆಫೀಸಿನಲ್ಲಿ ಒಂದು ಸಣ್ಣ ತಪ್ಪಾದರೆ ಸಾಕು, "ದಂಡಪಿಂಡ", "ಅನಿಷ್ಟ", "ಹೋಗಿ ಆ ಜಾಣ ಹುಡುಗಿಯ ಕಾಲಡಿ ನುಸುಳು" ಎನ್ನುವ ಅದೇ ದನಿ ಒಳಗಿನಿಂದ ಏಳುತ್ತದೆ. ಈ ದನಿಯ ಮೇಲೆ ಸಿಬಿಟಿ (ಯೋಚನೆಗಳನ್ನು ಪರೀಕ್ಷಿಸಿ ತಿದ್ದುವ ಥೆರಪಿ), ಇಎಂಡಿಆರ್ (ಕಣ್ಣಿನ ಚಲನೆ ಬಳಸಿ ನೋವಿನ ನೆನಪನ್ನು ಹಗುರಾಗಿಸುವ ಥೆರಪಿ), ಸ್ಕೀಮಾ ಥೆರಪಿ (ಬಾಲ್ಯದಲ್ಲಿ ಬೇರೂರಿದ ನಂಬಿಕೆಗಳ ಮೇಲೆ ಕೆಲಸ ಮಾಡುವುದು) ಮೂರನ್ನೂ ಬಳಸಿ ನೋಡಿದ ಮೇಲಿನ ಹೋಲಿಕೆ ಇದು.

ಸಿಬಿಟಿಯ ಮುಖ್ಯ ಸಾಧನ ಏಳು ಕಾಲಂಗಳ ಒಂದು ಹಾಳೆ. ಸಂದರ್ಭ, ಭಾವನೆ ನೂರಕ್ಕೆ ಎಷ್ಟು, ಆ ಕ್ಷಣ ಬಂದ ಯೋಚನೆ, ಅದಕ್ಕೆ ಪರವಾದ ಸಾಕ್ಷಿ, ವಿರುದ್ಧ ಸಾಕ್ಷಿ, ಸಮತೂಕದ ಯೋಚನೆ, ಕೊನೆಗೆ ಭಾವನೆ ಈಗ ನೂರಕ್ಕೆ ಎಷ್ಟು. ಹೆಚ್ಚಿನವರು ಎಡವುವುದು ನಾಲ್ಕನೇ ಕಾಲಂನಲ್ಲಿ. "ಅಪ್ಪ ಯಾವಾಗಲೂ ಹೀಗೇ ಅನ್ನುತ್ತಿದ್ದರು" ಎಂದು ಬರೆದುಬಿಡುತ್ತಾರೆ. ಅದು ಸಾಕ್ಷಿಯಲ್ಲ, ಆರೋಪವನ್ನೇ ಮತ್ತೊಮ್ಮೆ ಬರೆದದ್ದು. ಕ್ಯಾಮೆರಾದಲ್ಲಿ ಸೆರೆಯಾಗುವಂಥದ್ದು ಮಾತ್ರ ಆ ಕಾಲಂಗೆ ಸೇರಬೇಕು. ಆರನೆಯದರಲ್ಲಿ "ನಾನು ಅದ್ಭುತ" ಎಂದು ಬರೆದರೂ ಪ್ರಯೋಜನವಿಲ್ಲ, ಏಕೆಂದರೆ ಮನಸ್ಸು ನಂಬುವುದಿಲ್ಲ. "ಈ ವರದಿಯಲ್ಲಿ ಎರಡು ತಪ್ಪಿದೆ, ಉಳಿದದ್ದು ಸರಿಯಿದೆ" ಎನ್ನುವಷ್ಟು ಸಪ್ಪೆಯಾಗಿದ್ದರೇ ಅದು ನಿಲ್ಲುತ್ತದೆ. ಆ ಯೋಚನೆ ಬಂದ ಅರ್ಧ ಗಂಟೆಯೊಳಗೆ ಹಾಳೆಯನ್ನು ತುಂಬಬೇಕು. ರಾತ್ರಿಯವರೆಗೆ ಬಿಟ್ಟರೆ ನೆನಪು ತನಗೆ ಬೇಕಾದ ಹಾಗೆ ತಿದ್ದಿಕೊಂಡಿರುತ್ತದೆ.

ಇಷ್ಟು ಮಾಡಿದರೆ ದಿನದ ಕೆಲಸ ನಡೆಯುತ್ತದೆ, ಮೇಲಧಿಕಾರಿಯ ಕೋಣೆಗೆ ಹೋಗುವಾಗ ಕೈ ನಡುಗುವುದು ಕಡಿಮೆಯಾಗುತ್ತದೆ. ಆದರೆ ತಲೆಗೆ ಗೊತ್ತಾದದ್ದು ಎದೆಗೆ ಇಳಿಯುವುದಿಲ್ಲ. ಅದು ಸಿಬಿಟಿಯ ಮಿತಿ.

ಇಎಂಡಿಆರ್ ಅನ್ನು ಫ್ರಾನ್ಸಿನ್ ಶಪಿರೊ 1987ರಲ್ಲಿ ಶುರುಮಾಡಿದರು. ಒಟ್ಟು ಎಂಟು ಹಂತ. ನೋವಿನ ನೆನಪಿನ ಒಂದು ದೃಶ್ಯ ಆರಿಸಿಕೊಂಡು, ಅದರ ಸಂಕಟಕ್ಕೆ 0ಯಿಂದ 10ರವರೆಗೆ ಅಂಕ ಕೊಟ್ಟು, ಥೆರಪಿಸ್ಟರ ಬೆರಳನ್ನು ಸುಮಾರು ಅರ್ಧ ನಿಮಿಷ ಕಣ್ಣಿನಿಂದ ಹಿಂಬಾಲಿಸಬೇಕು. ನಿಲ್ಲಿಸಿ, "ಈಗ ಏನು ಬರುತ್ತಿದೆ?" ಎಂದು ಕೇಳುತ್ತಾರೆ. ಮತ್ತೆ ಬೆರಳು. ಅಂಕ 0 ಅಥವಾ 1ಕ್ಕೆ ಇಳಿಯುವವರೆಗೂ ಹೀಗೇ. ಮನೆಯ ಮಾತನ್ನೆಲ್ಲ ಹೊರಗಿನವರ ಮುಂದೆ ಬಿಡಿಸಿ ಹೇಳಬೇಕಿಲ್ಲ ಎನ್ನುವುದೇ ಇದರ ದೊಡ್ಡ ಉಪಕಾರ. ತೊಡಕೆಂದರೆ ಮೂದಲಿಕೆ ಒಂದು ದಿನದ ಅಪಘಾತವಲ್ಲ, ಹದಿನೈದು ವರ್ಷದ ಜಿನುಗು ಮಳೆ. ಅದಕ್ಕೇ ಮೊದಲನೆಯದು, ಅತಿ ಕೆಟ್ಟದ್ದು, ಇತ್ತೀಚಿನದು ಎಂದು ಮೂರು ದೃಶ್ಯ ಆರಿಸಿಕೊಳ್ಳುತ್ತಾರೆ. ಮನಸ್ಸನ್ನು ನೆಲೆಗೆ ತರುವ ಅಭ್ಯಾಸ ಕಲಿಸುವ ಎರಡನೇ ಹಂತವನ್ನು ಹಾರಿಸಿ, ಮೊದಲ ದಿನವೇ ಬೆರಳು ಆಡಿಸುವವರಿದ್ದರೆ ಎದ್ದು ಬನ್ನಿ. ಸೆಷನ್ ಆದ ಒಂದೆರಡು ದಿನ ಕೆಟ್ಟ ಕನಸು ಬರಬಹುದು. ಮರುದಿನ ಪರೀಕ್ಷೆ ಅಥವಾ ದೂರದ ಡ್ರೈವಿಂಗ್ ಇಟ್ಟುಕೊಳ್ಳಬೇಡಿ.

ಈ ಗಾಯಕ್ಕೆ ಹೇಳಿಮಾಡಿಸಿದಂತಿರುವುದು ಜೆಫ್ರಿ ಯಂಗ್ ರೂಪಿಸಿದ ಸ್ಕೀಮಾ ಥೆರಪಿ. ಒಳಗೆ ಬೈಯುವ ದನಿಯನ್ನು ಇದು "ದಂಡಿಸುವ ಪೋಷಕ" ಎಂದು ಬೇರೆಯಾಗಿಯೇ ಗುರುತಿಸುತ್ತದೆ. ಮೂರು ಕುರ್ಚಿ ಇಡುತ್ತಾರೆ. ಒಂದರಲ್ಲಿ ಕೂತು ಆ ದನಿ ಆಡುವುದನ್ನು ಅದೇ ಮಾತಿನಲ್ಲಿ ಆಡಬೇಕು. ಎರಡನೆಯದಕ್ಕೆ ಹೋಗಿ, ಅದನ್ನು ಕೇಳಿಸಿಕೊಂಡ ಮಗುವಾಗಿ ಏನನ್ನಿಸಿತು ಎಂದು ಹೇಳಬೇಕು. ಮೂರನೆಯದರಲ್ಲಿ ಇವತ್ತಿನ ನೀವು ಕೂತು ಉತ್ತರ ಕೊಡಬೇಕು. ಇನ್ನೊಂದು ವಿಧಾನದಲ್ಲಿ ಕಣ್ಣು ಮುಚ್ಚಿ ಹಳೆಯ ದೃಶ್ಯಕ್ಕೆ ಹೋಗಿ, ಬೈಗುಳ ಬೀಳುವ ಮುಂಚೆಯೇ ಅದನ್ನು ನಿಲ್ಲಿಸುತ್ತಾರೆ. ಮೊದಮೊದಲು ಥೆರಪಿಸ್ಟ್ ಆ ಕೋಣೆಯೊಳಗೆ ಬಂದು ತಡೆಯುತ್ತಾರೆ, ಆಮೇಲೆ ನೀವೇ.

ನಮ್ಮ ಮನೆಗಳವರು ಇಲ್ಲೇ ಬಾಯಿ ಕಟ್ಟಿಸಿಕೊಳ್ಳುವುದು. ಹೆತ್ತವರಿಗೆ ಎದುರು ಮಾತಾಡುವುದು ಪಾಪ ಎಂದು ಕಲಿತವರಿಗೆ ಖಾಲಿ ಕುರ್ಚಿಯೂ ಹೆದರಿಸುತ್ತದೆ. ಬಹುವಚನ ಬಿಡಬೇಕಿಲ್ಲ. "ಅಪ್ಪಾ, ಸಾಕು ನಿಲ್ಲಿಸಿ. ಈ ಮಗುವಿಗೆ ಹಾಗನ್ನಬೇಡಿ" ಎಂದರೂ ಅದು ಗಟ್ಟಿ ಮಾತೇ. ಉತ್ತರ ಆ ದನಿಗೆ, ಊರಿನಲ್ಲಿರುವ ಅಪ್ಪನಿಗಲ್ಲ ಎಂದು ಥೆರಪಿಸ್ಟ್ ಮೊದಲೇ ಬಿಡಿಸಿ ಹೇಳಿರಬೇಕು.

ಭಾಷೆಯದು ಇನ್ನೂ ದೊಡ್ಡ ವಿಷಯ. ಇಂಗ್ಲಿಷಿನಲ್ಲಿ ನಡೆಯುವ ಸೆಷನ್‌ನಲ್ಲಿ "ವರ್ತ್‌ಲೆಸ್" ಎಂದು ಹತ್ತು ಸಲ ಹೇಳಿದರೂ ಏನೂ ಅಲುಗುವುದಿಲ್ಲ. "ದಂಡಪಿಂಡ" ಎಂದೊಡನೆ ಹೊಟ್ಟೆ ಹಿಂಡುತ್ತದೆ. ಬೈಗುಳ ತುಳುವಿನಲ್ಲಿ ಬಿದ್ದಿದ್ದರೆ ಕುರ್ಚಿಯ ಮಾತೂ ತುಳುವಿನಲ್ಲೇ ಆಗಬೇಕು. ಥೆರಪಿಸ್ಟರಿಗೆ ಅರ್ಥವಾಗದಿದ್ದರೆ ಆಮೇಲೆ ವಿವರಿಸಬಹುದು. ಸೆಷನ್‌ನ ಕೊನೆಯ 10-15 ನಿಮಿಷ ಶಾಂತವಾಗಲು ಉಳಿಯದಿದ್ದರೆ ಅಳು ಬಸ್ಸಿನವರೆಗೂ ಹಿಂಬಾಲಿಸುತ್ತದೆ.

ಸ್ಕೀಮಾಕ್ಕೆ ವಾರಕ್ಕೊಮ್ಮೆಯಂತೆ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಸಿಬಿಟಿ ಸಾಮಾನ್ಯವಾಗಿ 12ರಿಂದ 20 ಸೆಷನ್. ಹಾಗಾಗಿ ಆರೆಂಟು ವಾರ ಹಾಳೆ ತುಂಬಿ ನೋಡಿ, ಭಾವನೆಯ ಅಂಕ ಇಳಿದರೂ ದನಿ ಉಳಿದರೆ ಸ್ಕೀಮಾದ ಕುರ್ಚಿಗೆ ಹೋಗುವುದು ನಮ್ಮ ಸಲಹೆ. ಎರಡು ಮೂರು ನಿರ್ದಿಷ್ಟ ದೃಶ್ಯಗಳು ನಿದ್ದೆ ಕೆಡಿಸುತ್ತಿದ್ದರೆ ಮಾತ್ರ ಇಎಂಡಿಆರ್ ಮೊದಲು.

ಇನ್ನೂ ಬೈಯುವವರ ಜೊತೆ ಅದೇ ಮನೆಯಲ್ಲಿದ್ದರೆ ಹಳೆಯ ದೃಶ್ಯಗಳನ್ನು ಕೆದಕುವ ಕೆಲಸ ಮುಂದೂಡಿ, ಬೈಗುಳದಿಂದ ದೂರವಿರುವ ದಾರಿಗಳನ್ನು ಮೊದಲು ಹುಡುಕಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಇದ್ಯಾವುದಕ್ಕೂ ಕಾಯದೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಥೆರಪಿಸ್ಟರನ್ನು ಆರಿಸುವಾಗ ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವವರ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿ. ಈ ಮೂರರಲ್ಲಿ ಯಾವುದರಲ್ಲಿ ತರಬೇತಿಯಾಗಿದೆ ಎಂದೂ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಂಡರೆ ಬೇರೆಯವರನ್ನು ನೋಡಿ.